ಮೂರನೇ ತೊಟ್ಟಿಗೆ ಹಾಕಿದ ಒಂದು ಹಿಡಿ

ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನಿನ ತೊಟ್ಟಿಯ ಪಾಚಿ ಉಜ್ಜುತ್ತಿದ್ದಳು.

"ಸ್ವಲ್ಪ ಇದನ್ನ ಹಿಡ್ಕೊಳ್ತೀರಾ?" ಹಿಂದಿನಿಂದ ಗಂಡಸಿನ ದನಿ.

ತಿರುಗದೆಯೇ ಕೈ ಚಾಚಿದಳು. ಬಕೆಟ್ಟು ಕೈಗೆ ಬಂತು. ಬಗ್ಗಿ ನೋಡಿದರೆ... ತುಂಬ ಹುಳ! ಮಿಜಿಮಿಜಿ ಎನ್ನುವ ಬಿಳಿ ಹುಳ!

"ಅಯ್ಯಯ್ಯೋ!"

ಬಕೆಟ್ಟು ನೀರಿಗೆ ಬಿತ್ತು. ಆತ ಬೂಟುಗಾಲಲ್ಲೇ ತೊಟ್ಟಿಗೆ ಧುಮುಕಿ ಹುಳಗಳನ್ನು ಬೊಗಸೆಯಲ್ಲಿ ಬಾಚತೊಡಗಿದ.

"ಮೂರು ವಾರ ಸಾಕಿದ್ದೀನ್ರೀ ಇವನ್ನ!"

"ಹುಳ ಸಾಕ್ತಾರೇನ್ರೀ ಯಾರಾದ್ರೂ?"

"ನೀವು ಮೀನು ಸಾಕಲ್ವಾ?"

ಅವಳು ಅವನತ್ತ ದಿಟ್ಟಿಸಿದಳು. ಮೂಗಿನ ತುದಿಯಲ್ಲೊಂದು ಹುಳ ತೆವಳುತ್ತಿದ್ದರೂ ನಗುತ್ತಿದ್ದಾನಲ್ಲ, ಎಂಥಾ ಮನುಷ್ಯ ಇವನು!

ಮೀನು ಸಾಕಣೆಯ ಒಡತಿ ಅವಳ ದೊಡ್ಡಮ್ಮ. ಹೊಸ ಮೇವಿನ ಪ್ರಯೋಗಕ್ಕೆಂದು ಬಂದವನಿಗೆ ಅವತ್ತೇ 'ಹುಳದ ಮೇಷ್ಟ್ರು' ಎಂದು ಹೆಸರಿಟ್ಟರು.

"ಅಲ್ಲ ಮೇಷ್ಟ್ರೇ, ನನ್ನ ಮೀನಿಗೆ ಮೀನಿನ ಪುಡಿ ಇದೆಯಲ್ಲ!"

"ಅದಕ್ಕೆ ಸಮುದ್ರದ ಸಣ್ಣ ಮೀನನ್ನೆಲ್ಲ ಬಳಿದು ತರ್ಬೇಕು ದೊಡ್ಡಮ್ಮ. ಸಮುದ್ರ ಬರಿದಾದ್ರೆ? ನನ್ನ ಹುಳಕ್ಕೆ ಮಾರುಕಟ್ಟೆಯ ಕೊಳೆತ ತರಕಾರಿ ಸಾಕು. ಒಣಗಿಸಿ, ಪುಡಿ ಮಾಡಿ, ಸೋಯಾ ಹಿಂಡಿ ಸೇರಿಸಿದ್ರೆ ಮೇವು ತಯಾರು. ಮೂರು ತೊಟ್ಟಿ ಕೊಡಿ, ತೊಂಬತ್ತು ದಿನ!"

ಮೀನು ಬೆಳೆದರೆ ಮೇವಿನ ಕಾರ್ಖಾನೆಯವರು ಅವನ ಮೇವನ್ನು ತಯಾರಿಸುವರು. ಇಲ್ಲದಿದ್ದರೆ ಅವನ ನಾಲ್ಕು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಉಳಿದೆರಡು ತೊಟ್ಟಿಗಳಲ್ಲಿ ಅಷ್ಟಿಷ್ಟು ತಿಂದವು; ಮೂರನೇ ತೊಟ್ಟಿಯ ಮೀನುಗಳು ಮೊದಲ ದಿನವೇ ಮುನಿಸಿಕೊಂಡವು. ಮೇವು ತೇಲಿದ್ದೇ ಬಂತು, ಒಂದೂ ಮೇಲೆ ಬರಲಿಲ್ಲ. ಎರಡನೇ ದಿನ, ಮೂರನೇ ದಿನವೂ ಅದೇ. ಅವನು ಊಟ ಬಿಟ್ಟು ತೊಟ್ಟಿಯ ಕಟ್ಟೆಗೆ ಅಂಟಿ ಕುಳಿತ.

"ತಿನ್ರಪ್ಪಾ... ದಮ್ಮಯ್ಯ..." ಮೀನಿಗೆ ಕೈ ಮುಗಿಯುತ್ತಿದ್ದ!

ನಾಲ್ಕನೆಯ ದಿನ ಅವನು ಅತ್ತ ಹೋದಾಗ ಅವಳು ಮೂರನೇ ತೊಟ್ಟಿಯ ಮೇವಿಗೆ ಒಂದು ಹಿಡಿ ಮೀನಿನ ಪುಡಿ ಬೆರೆಸಿಬಿಟ್ಟಳು.

ನೀರು ಕುದಿದಂತೆ ಮೀನುಗಳು ಮೇಲೆದ್ದವು!

"ತಿಂದ್ವು! ನೋಡಿದ್ರಾ, ತಿಂದ್ವು!" ಅವಳ ಎರಡೂ ಕೈ ಹಿಡಿದು ಕುಣಿದ. ಆ ಕಣ್ಣುಗಳ ಮುಂದೆ ನಿಜ ಹೇಳುವುದು ಹೇಗೆ? ಹೀಗೆ ಒಂಬತ್ತು ದಿನ. ಮರುದಿನ ಅವಳು ಬೆರೆಸಲಿಲ್ಲ. ಆದರೂ ತಿಂದವು. ಅಬ್ಬಾ, ಬಚಾವಾದೆ ಅಂದುಕೊಂಡಳು.

ತೊಂಬತ್ತನೆಯ ದಿನ ತೂಗಿದರೆ ಮೂರನೇ ತೊಟ್ಟಿಯ ಮೀನು ಉಳಿದವಕ್ಕಿಂತ ಒಂದೂವರೆ ಪಟ್ಟು! ಅವಳು ಚಪ್ಪಾಳೆ ತಟ್ಟಿದಳು. ಅವನ ಮುಖ ಮಾತ್ರ ಬಿಳಿಚಿಕೊಂಡಿತು.

ಕಾರ್ಖಾನೆಗೆ ಕಳಿಸಬೇಕಾದ ಫಲಿತಾಂಶದ ಕಾಗದ ಐದು ವಾರ ಮೇಜಿನ ಮೇಲೆಯೇ ಉಳಿಯಿತು.

"ಕಳಿಸಿದ್ರೆ ಇಲ್ಲಿಂದ ಹೊರಡಬೇಕಲ್ಲ! ಯಾರನ್ನ ಬಿಟ್ಟು ಹೋಗೋಕೆ ಕಾಲು ಬರ್ತಿಲ್ಲವೋ..." ದೊಡ್ಡಮ್ಮ ಕಣ್ಣು ಮಿಟುಕಿಸಿದರು.

ಅವಳೂ ಹಾಗೆಂದೇ ನಂಬಿದಳು. ನಂಬಿ, ಒಂದು ಸಂಜೆ ಚಹಾ ಹಿಡಿದು ಅವನ ಕೋಣೆಗೆ ಹೋದಳು.

"ನಾಳೆ ಕಳಿಸಿಬಿಡ್ತೀನಿ," ಅವನು ತಲೆ ಎತ್ತಲಿಲ್ಲ. "ಪ್ರಯೋಗ ಸೋತಿತು ಅಂತ."

"ಏನು?!"

"ಒಂದೇ ಮೇವು, ಒಂದೇ ನೀರು. ಮೂರನೇ ತೊಟ್ಟಿ ಮಾತ್ರ ಯಾಕೆ ಹಾಗೆ ಬೆಳೀತು? ಎಲ್ಲೋ ನಾನೇ ತಪ್ಪಿದ್ದೀನಿ. ಗೊತ್ತಿಲ್ಲದ್ದಕ್ಕೆ ಹೇಗೆ ಸಹಿ ಹಾಕಲಿ?"

ಅವಳ ಕೈಯ ಲೋಟ ಜಾರಿ ನೆಲಕ್ಕೆ ಬಿತ್ತು.

"ನೀವಲ್ಲ... ನಾನು. ಒಂಬತ್ತು ದಿನ, ದಿನಕ್ಕೊಂದು ಹಿಡಿ ಮೀನಿನ ಪುಡಿ ಬೆರೆಸಿದ್ದು ನಾನು!"

ಅವನು ಪೆನ್ನು ಕೆಳಗಿಟ್ಟ.

"ಯಾಕೆ?"

"ನೀವು ಮೀನಿಗೆ ಕೈ ಮುಗೀತಿದ್ರಲ್ಲ... ನೋಡೋಕಾಗ್ಲಿಲ್ಲ."

ಅವನು ಎದ್ದು ಹೊರಗೆ ನಡೆದುಬಿಟ್ಟ. ಒಂದು ಬೈಗುಳವೂ ಇಲ್ಲ. ಬೈದಿದ್ದರೂ ಚೆನ್ನಾಗಿತ್ತು!

ಮೂರು ದಿನ ಅವನ ಸುಳಿವಿಲ್ಲ.

"ಪ್ರೀತಿ ಮಾಡೋಕೆ ಹೋಗಿ ಪ್ರಯೋಗ ಕೆಡಿಸಿದೆಯಲ್ಲೇ!" ಎಂದು ದೊಡ್ಡಮ್ಮ ಬೈದರು. ಆಮೇಲೆ ತಾವೇ ಅವಳ ಕಣ್ಣೊರೆಸಿದರು.

ನಾಲ್ಕನೆಯ ಬೆಳಿಗ್ಗೆ ಅವನು ತಕ್ಕಡಿ ಹಿಡಿದು ಪ್ರತ್ಯಕ್ಷನಾದ.

"ಹಿಡಿ ತೋರಿಸಿ."

"ಆಂ?"

"ನಿಮ್ಮ ಒಂದು ಹಿಡಿ ಎಷ್ಟು ತೂಗುತ್ತೆ ಅಂತ ಗೊತ್ತಾಗ್ಬೇಕು."

ಅವಳು ಹಿಡಿ ತುಂಬ ಪುಡಿ ತೆಗೆದು ತಕ್ಕಡಿಗೆ ಸುರಿದಳು. ಅವನು ಒಂಬತ್ತು ಸಲ ತೂಗಿಸಿದ. ಬರೆದುಕೊಂಡ.

"ಆಮೇಲಿನ ಎಪ್ಪತ್ತೆಂಟು ದಿನ ನನ್ನ ಮೇವನ್ನೇ ತಿಂದಿವೆ," ಎಂದ ಮೆಲ್ಲಗೆ. "ಮೊದಲು ಮುಟ್ಟದೆ ಇದ್ದದ್ದು ರುಚಿ ಸಾಲದೆ ಅಲ್ಲ, ವಾಸನೆ ಹೊಸದು ಅಂತ. ಪರಿಚಯ ಮಾಡ್ಕೊಡೋರು ಬೇಕಿತ್ತು, ನಿಮ್ಮ ಪುಡಿ ಮಾಡ್ಕೊಟ್ಟಿತು; ಆಮೇಲೆ ಉಳಿದವಕ್ಕಿಂತ ಹೆಚ್ಚು ತಿಂದ್ವು. ನನ್ನ ಊಹೆ ಇದು. ಇನ್ನೊಂದು ಸಲ ನೋಡಿಯೇ ಹೇಳ್ಬೇಕು. ಆದ್ರೆ ನಾಲ್ಕು ವರ್ಷ ನನ್ನ ತಲೆಗೇ ಹೊಳೀಲಿಲ್ಲವಲ್ಲ!"

"ಕೋಪ ಇಲ್ವಾ?"

"ಇದೆ. ಬೇಕಾದಷ್ಟಿದೆ! ಮೊದಲೇ ಹೇಳಿದ್ರೆ ಐದು ವಾರ ನಿದ್ದೆ ಮಾಡ್ತಿದ್ದೆ." ಹೊಸ ಕಾಗದವನ್ನು ಅವಳ ಮುಂದಿಟ್ಟ. ಅವಳ ಒಂದು ಹಿಡಿಯೂ ಒಂಬತ್ತು ದಿನವೂ ಅದರಲ್ಲಿ ಇದ್ದ ಹಾಗೆಯೇ ದಾಖಲಾಗಿದ್ದವು.

ಇಬ್ಬರೂ ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೆ ನಡೆದರು. ಲಕೋಟೆ ಅವಳ ಕೈಯಲ್ಲಿತ್ತು.

"ಅವರು ಆಗಲ್ಲ ಅಂದ್ರೆ?"

"ಮತ್ತೆ ಮೊದಲಿಂದ, ತೊಂಬತ್ತು ದಿನ." ಅವನ ದನಿ ಸಣ್ಣದಾಯಿತು. "ಜೊತೆಗೆ ಇರ್ತೀಯಾ?"

ಇರ್ತೀಯಾ! 'ನೀವು' ಎಲ್ಲಿ ಹೋಯಿತು?

"ತೊಂಬತ್ತೇ ದಿನಾನಾ?"

"ಅಲ್ಲ... ಆಮೇಲೂ."

ಅವಳು ಲಕೋಟೆಯನ್ನು ಡಬ್ಬಿಯೊಳಗೆ ಬಿಟ್ಟಳು. ಅದು ತಳ ಮುಟ್ಟಿದ ಸದ್ದು ಇಬ್ಬರಿಗೂ ಕೇಳಿಸಿತು.

"ಇರ್ತೀನಿ," ಎಂದಳು.