ಮಂಚದ ನಾಲ್ಕನೆಯ ಕಾಲು

"ಹನ್ನೊಂದನೇದು," ಎಂದು ಬಡಗಿ ನಲ್ಲಪ್ಪ ಕೆಟ್ಟುಹೋದ ಮರದ ತುಂಡನ್ನು ಮೂಲೆಗೆ ಎಸೆದ.

ಭಾಗ್ಯ ಕಾಫಿ ಲೋಟ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಒಂದೇ ಮಾತಿಗೆ ಮುಗಿಯುವ ಕಷ್ಟವನ್ನು ಹದಿನೈದು ದಿನದಿಂದ ನೋಡುತ್ತಾ ನಿಂತಿದ್ದೇನಲ್ಲ, ನಾನೆಂಥ ಪಾಪಿ ಎಂದುಕೊಂಡಳು.

ಆ ಮಂಚವನ್ನು ಭಾಗ್ಯಳ ಮದುವೆಗೆಂದೇ ಅವಳ ಅಜ್ಜಿ ಹದಿನಾಲ್ಕು ವರ್ಷದ ಹಿಂದೆ ಮಾಡಿಸಿಟ್ಟಿದ್ದಳು. ಮಾಡಿದವರು ನಲ್ಲಪ್ಪನ ತಾತ. ಪ್ರತಿ ಕಾಲಿನಲ್ಲೂ ಮೇಲರ್ಧ ಕರಿ ಬೀಟೆ, ಕೆಳಗರ್ಧ ಹಳದಿ ಹಲಸು. ಎರಡೂ ಸೇರುವ ಕಡೆ, ನಾಲ್ಕು ಮುಖದಲ್ಲೂ, ಹಲಸು ಬೀಸಣಿಗೆಯ ಹಾಗೆ ಅರಳಿ ಬೀಟೆಯೊಳಗೆ ಕೂತಿತ್ತು. ಮೇಲಿನಿಂದ ಇಳಿಸೋಣವೆಂದರೆ ಬೀಸಣಿಗೆಯ ತುದಿ ಅಗಲ. ಪಕ್ಕದಿಂದ ತಳ್ಳೋಣವೆಂದರೆ ಪಕ್ಕದ ಮುಖದ್ದು ಅಡ್ಡ. ಹಾಗಾದರೆ ಒಳಗೆ ಹೋಗಿದ್ದಾದರೂ ಹೇಗೆ? ಒಂದು ಕಾಲನ್ನು ಗೆದ್ದಲು ತಿಂದಿತ್ತು, ಅದೇ ಥರದ್ದು ಮಾಡಲು ನಲ್ಲಪ್ಪನನ್ನು ಕರೆಸಿದ್ದರು. ಉಳಿದ ಮೂರನ್ನು ಕೊಯ್ದು ನೋಡುವಂತಿರಲಿಲ್ಲ. ತಾತ ಗುಟ್ಟನ್ನು ಯಾರಿಗೂ ಹೇಳದೆ ತೀರಿಕೊಂಡಿದ್ದರು.

ಗಂಡನ ಮನೆಗೆ ಮಂಚ ಮುಂದೆ, ಮದುಮಗಳು ಹಿಂದೆ. ಅದು ಆ ಮನೆಯ ಪದ್ಧತಿ. ಮಂಚ ಕುಂಟುತ್ತಿರುವಷ್ಟು ದಿನ, ಅಪ್ಪ ಗೊತ್ತುಮಾಡಿದ ಆನೇಕಲ್ಲಿನ ಗಂಡಿನ ಜೊತೆ ಮದುವೆ ಇಲ್ಲ. ಗುಟ್ಟು ಗೊತ್ತಿದ್ದೂ ಭಾಗ್ಯ ಬಾಯಿ ಬಿಡದಿದ್ದದ್ದು ಅದಕ್ಕೇ.

"ಕಾಫಿ ಆರೋಗುತ್ತೆ ಕಣ್ರೀ."

"ನೀವು ಹಂಗೆ ನೋಡ್ತಾ ನಿಂತ್ರೆ ಉಳಿ ನೆಟ್ಟಗೆ ನಡೆಯುತ್ತಾ?"

"ನಾನು ಮರ ನೋಡ್ತಿದೀನಿ."

"ಮರ ಆ ಕಡೆ ಇದೆ."

ಭಾಗ್ಯ ನಾಚಿ ಲೋಟ ಚಾಚಿದಳು. ನಲ್ಲಪ್ಪನ ನೋಟ ಅವಳ ಮುಖದಿಂದ ಇಳಿದು ಬೆರಳ ತುದಿಯಲ್ಲಿ ನಿಂತಿತು. ಹೊಸದಾಗಿ ಎದ್ದ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯಲ್ಲಿ ಅವಳದು ರೇಡಿಯೋ ತಂತಿ ಬೆಸೆಯುವ ಕೆಲಸ.

"ಮತ್ತೆ ಸುಟ್ಕೊಂಡ್ರಾ?"

"ಗ್ಯಾನ ಎಲ್ಲೋ ಇತ್ತು."

"ಎಲ್ಲಿ?"

ಅವಳು ಉತ್ತರ ಕೊಡುವ ಮೊದಲೇ ಅಪ್ಪ ವೆಂಕಟೇಶಪ್ಪ ಒಳಗೆ ನುಗ್ಗಿದರು.

"ಏನ್ಲಾ, ಇನ್ನೂ ಆಗ್ಲಿಲ್ವಾ? ನಾಳೆ ಪೀಣ್ಯದಿಂದ ಬೇರೆಯೋರು ಬತ್ತಾರೆ, ಕಬ್ಬಿಣದ ಪಟ್ಟಿ ಒಡ್ದು ನಿಲ್ಲುಸ್ತಾರೆ. ನೀನು ಇನ್ಮೇಲೆ ತಾತನ ಎಸ್ರು ಏಳ್ಕೊಂಡು ಯಾರ ಮನೆ ಬಾಗ್ಲಿಗೂ ಓಗ್ಬೇಡ. ಎಬ್ಬಗೋಡೀಲಿ ನಿಂಗೆ ಒಂದು ಕಿಟಕಿ ಕೆಲ್ಸಾನೂ ಸಿಗದಂಗೆ ಮಾಡ್ತೀನಿ!"

ನಲ್ಲಪ್ಪ ತಲೆ ತಗ್ಗಿಸಿದ.

ಅಪ್ಪ ಹೋದ ಮೇಲೆ ಭಾಗ್ಯ ಅವನು ಎಸೆದಿದ್ದ ತುಂಡನ್ನು ಕೈಗೆತ್ತಿಕೊಂಡಳು. ಪಟ್ಟಿ ಹೊಡೆದರೆ ಮದುವೆ ಹೇಗೂ ನಡೆಯುತ್ತದೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಅವಳು ಉಳಿಸಿಕೊಂಡಿದ್ದೇನು? ಅವನ ಮಾನವನ್ನೂ ಕಳೆದಳು.

"ಮೂಲೆಯಿಂದ," ಎಂದಳು, ತುಂಡನ್ನು ತೋರಿಸಿ. "ಮೇಲಿಂದ ಅಲ್ಲ, ಪಕ್ಕದಿಂದಾನೂ ಅಲ್ಲ. ಈ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಜಾರಿಸ್ಬೇಕು. ನಿಮ್ ತಾತ ಯಾರಿಗೂ ಕಾಣದಂಗೆ ಟವೆಲ್ ಮುಚ್ಚಿ ಕೂರಿಸ್ತಿದ್ರು. ನಾನು ಚಿಕ್ಕೋಳು, ಮಂಚದ ಕೆಳಗೆ ಆಡ್ತಿದ್ದೆ. ನೋಡ್ಬಿಟ್ಟೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಂಚ ನಿಲ್ಲುತ್ತೆ, ನಾನು ಹೋಗ್ಬೇಕು. ನಿಮ್ಮನ್ನ ಬಿಟ್ಟು ಹೋಗೋಕೆ ನಂಗಾಗಲ್ಲ." ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ನಲ್ಲಪ್ಪ ಎದ್ದು ಹೋಗಿ ಮರದ ಹೊಟ್ಟಿನ ರಾಶಿಯೊಳಗೆ ಕೈ ಹಾಕಿದ. ಗೋಣಿ ಸುತ್ತಿದ ಏನನ್ನೋ ಎಳೆದು ಬಿಚ್ಚಿದ. ಕರಿ ಬೀಟೆ, ಹಳದಿ ಹಲಸು, ನಾಲ್ಕು ಮುಖಕ್ಕೂ ನಾಲ್ಕು ಬೀಸಣಿಗೆ. ಒಂದು ಕೂದಲೂ ತೂರದ ಹಾಗೆ ಕೂತಿತ್ತು.

"ನಾಲ್ಕನೇ ದಿನಾನೇ ಆಗೋಯ್ತು," ಎಂದ.

"ಮತ್ತೆ ಆ ಹನ್ನೊಂದು ತುಂಡು?"

"ಚೂರು ಮರ. ಬೇಕಂತ ಕೆಡಿಸಿದ್ದು. ಇದನ್ನ ಕೂರಿಸ್ಬಿಟ್ರೆ ನಾಳೆ ನಿಮ್ಮ ಕೈ ಕಾಫಿ ಎಲ್ಲಿ? ಈಗ ನಿಮ್ಮಪ್ಪ ಬೈದಾಗ ತೆಗೆದು ತೋರಿಸ್ಬೋದಿತ್ತು." ಅವನು ಕಾಲಿನ ಮೇಲಿನ ಹೊಟ್ಟು ಒರೆಸಿದ. "ಕೈ ಬರ್ಲಿಲ್ಲ ಭಾಗ್ಯ."

ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. ಇಬ್ಬರೂ ಕಳ್ಳರೇ! ಅಳುತ್ತಿದ್ದ ಭಾಗ್ಯಳಿಗೆ ನಗುವೂ ಬಂತು. ಅವನ ಕೈಯಿಂದ ಆ ಕಾಲನ್ನು ಕಿತ್ತುಕೊಂಡು ಅಂಗಳಕ್ಕೆ ನಡೆದಳು.

ವೆಂಕಟೇಶಪ್ಪ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದರು.

"ಅಪ್ಪಾ, ಮಂಚದ ಕಾಲು ಆಯ್ತು."

ಅವರ ಮುಖ ಅರಳಿತು. "ಅಂಗಾರೆ ನಾಳೇನೇ ಆನೇಕಲ್ಲಿಗೆ..."

"ಮಂಚ ಆನೇಕಲ್ಲಿಗೆ ಹೋಗಲ್ಲ. ಈ ಕಾಲು ಮಾಡಿದೋರ ಮನೆಗೆ ಹೋಗುತ್ತೆ. ಮಂಚ ಮುಂದೆ, ನಾನು ಹಿಂದೆ."

ಅಪ್ಪನ ಕೈಯಿಂದ ತಂಬಿಗೆ ಜಾರಿ ಕಲ್ಲಿನ ಮೇಲೆ ಉರುಳಿತು. ಭಾಗ್ಯ ಮಂಚದ ಕಾಲನ್ನು ಎದೆಗೆ ಒತ್ತಿಕೊಂಡಳು. ಹಿಂದಿನಿಂದ ಹೆಜ್ಜೆ ಸಪ್ಪಳ ಹತ್ತಿರವಾಯಿತು. ನಲ್ಲಪ್ಪ ಬಂದು ಅವಳ ಪಕ್ಕದಲ್ಲೇ ನಿಂತ.