ದುರ್ಬೀನಿನ ಕಟ್ಟೆಯ ಪುಸ್ತಕ

"ಪುಟ ಇಲ್ಲ," ಎಂದರು ಟೀಚರಮ್ಮ. ಕೂಗಲಿಲ್ಲ, ಅಳಲಿಲ್ಲ. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಟ್ಟು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಇಪ್ಪತ್ತಾರು ವರ್ಷದಿಂದ ಬೆಟ್ಟದ ದಾರಿಯಲ್ಲಿ ಕಾರು ಓಡಿಸುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ವಾಂತಿ ಕಂಡಿದ್ದೇನೆ, ಜಗಳ ಕಂಡಿದ್ದೇನೆ, ಗೊತ್ತಾದ ಮದುವೆ ಮುರಿದದ್ದನ್ನೂ ಕಂಡಿದ್ದೇನೆ. ಆದರೆ ಹೀಗೆ ಸದ್ದಿಲ್ಲದೆ ಕೂತುಬಿಡುವವರನ್ನು ಕಂಡರೆ ನನಗೆ ಕೈಕಾಲೇ ಆಡುವುದಿಲ್ಲ.

ಪ್ರವಾಸಿಗಳಿಗೆ ಬೆಟ್ಟದ ಸುತ್ತು ತೋರಿಸುವುದು ನನ್ನ ಕೆಲಸ. ಜಲಪಾತ, ಗುಹೆ, ತೂಗುಸೇತುವೆ, ಕೆರೆ, ಕೊನೆಗೆ ದಾರಿ ಮುಗಿಯುವಲ್ಲಿ ದುರ್ಬೀನಿನ ಕಟ್ಟೆ. ಟೀಚರಮ್ಮ ಮಾತ್ರ ವರ್ಷಕ್ಕೊಮ್ಮೆ, ಒಂದೇ ತಾರೀಖಿಗೆ, ಒಬ್ಬರೇ ಬರುತ್ತಿದ್ದರು. ಜಲಪಾತದ ಬಳಿ ನಿಧಾನ ಮಾಡಿದರೆ "ಮುಂದೆ ಹೋಗೋಣ" ಅನ್ನುವರು. ಕಟ್ಟೆಗೆ ಬಂದರೂ ದುರ್ಬೀನಿಗೆ ಕಣ್ಣಿಟ್ಟವರಲ್ಲ. ಅಲ್ಲಿನ ಸಂದರ್ಶಕರ ಪುಸ್ತಕಗಳಲ್ಲಿ ಒಂಬತ್ತು ವರ್ಷ ಹಿಂದಿನದನ್ನು ತೆಗೆಸಿ, ಒಂದು ಪುಟ ಓದಿ, ಮುಚ್ಚಿ ಕೊಟ್ಟು ಹೊರಡುವರು. ತಾವು ಒಂದು ಸಲವೂ ಸಹಿ ಹಾಕಿದವರಲ್ಲ.

ಆ ಪುಟದಲ್ಲಿ ಅವರ ಗಂಡನ ಎರಡು ಸಾಲು ಇತ್ತು. ಆ ವರ್ಷ ಇಬ್ಬರೂ ಬರಬೇಕಿತ್ತಂತೆ. ಹೊರಡುವ ಹೊತ್ತಿಗೆ ಮಾತಿಗೆ ಮಾತು ಬೆಳೆಯಿತು. ಯಾತಕ್ಕೆಂದು ಈಗ ಟೀಚರಮ್ಮನಿಗೇ ನೆನಪಿಲ್ಲ. ಇವರು "ನೀವೇ ಹೋಗಿ" ಅಂದರು, ಅವರು ಹೋಗಿಯೇಬಿಟ್ಟರು. ಮರಳಿ ಬಂದ ಮೇಲೂ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಎರಡು ವಾರಕ್ಕೆ ಗಂಡನ ಎದೆಬಡಿತ ನಿಂತುಹೋಯಿತು. ಸಾಲುಗಳು ಇಷ್ಟೇ: "ಒಬ್ಬನೇ ಬಂದೆ. ಮುಂದಿನ ಸಲ ಅವಳನ್ನು ಕರೆದುಕೊಂಡು ಬರುತ್ತೇನೆ." ಮನೆಯಲ್ಲಿ ಅವರ ಕೈಬರಹ ಬೇಕಾದಷ್ಟಿದೆ, ಆದರೆ ಕೋಪ ಇಳಿದಿತ್ತು ಅನ್ನುವುದಕ್ಕೆ ಇರುವ ಸಾಕ್ಷಿ ಇದೊಂದೇ.

ಈ ವರ್ಷ ಇನ್ನೊಂದು ಗಂಡಾಂತರವೂ ಇತ್ತು. ಮಾರನೆಯ ಬೆಳಿಗ್ಗೆ ಪ್ರವಾಸೋದ್ಯಮ ಕಚೇರಿಯಿಂದ ಅಧಿಕಾರಿ ಬಂದು ಹಳೆಯ ಪುಸ್ತಕಗಳನ್ನೆಲ್ಲ ತಪಾಸಣೆಗೆಂದು ಒಯ್ದು ಉಗ್ರಾಣಕ್ಕೆ ಹಾಕುವವರಿದ್ದರು. ಇವತ್ತು ಸಿಗದಿದ್ದರೆ ಇನ್ನೆಂದೂ ಸಿಗುವಂತಿರಲಿಲ್ಲ.

ಅದೃಷ್ಟಕ್ಕೆ ಅವತ್ತು ಮುಂದಿನ ಸೀಟಿನಲ್ಲಿ ಭಾವ ಇದ್ದರು. ನನ್ನ ಹೆಂಡತಿಯ ಅಣ್ಣ. ನಲವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದ ಕೈ. ಜನ ಮುಚ್ಚಿಟ್ಟದ್ದನ್ನು ಬಿಡಿಸುವುದರಲ್ಲೂ ಅದೇ ಕೈ. ಪೊಲೀಸರೇ ನಮ್ಮ ಮನೆ ಬಾಗಿಲಿಗೆ ಬಂದು ಸಲಹೆ ಕೇಳಿ ಹೋದದ್ದುಂಟು. ನನ್ನವಳು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಅಡುಗೆ ಮಾಡುತ್ತೇನೆ, ಅವರು ಪಾತ್ರೆ ತೊಳೆಯುತ್ತಾರೆ, ಅವಳ ಹೆಸರನ್ನು ಇಬ್ಬರೂ ಎತ್ತುವುದಿಲ್ಲ.

ಟೀಚರಮ್ಮ ಭಾವನಿಗೆ ಕೈಮುಗಿದು, "ಯಾರು ತೆಗೆದ್ರು ಅಂತ ಗೊತ್ತಾಗದಿದ್ರೂ ಪರವಾಗಿಲ್ಲ. ಪುಟ ಸಿಕ್ಕಿದ್ರೆ ಸಾಕು," ಎಂದರು.

"ಎರಡೂ ಒಟ್ಟಿಗೇ ಸಿಗೋದು ತಾಯಿ," ಎಂದರು ಭಾವ.

ಕಟ್ಟೆಯ ಮೇಲೆ ವರ್ಷವಿಡೀ ಇರುವವರು ಮೂವರೇ. ಪುಸ್ತಕವೂ ದುರ್ಬೀನೂ ಕಾವಲುಗಾರನ ಸುಪರ್ದಿಯಲ್ಲಿ. ಅವನನ್ನು ಎಲ್ಲರೂ ದುರ್ಬೀನ್ ತಾತ ಅನ್ನುತ್ತಾರೆ. ಕಟ್ಟೆಯ ಹಿಂದಿನ ಒಂಟಿ ಕೋಣೆಯಲ್ಲೇ ವಾಸ. "ದೂರದ ಬೆಟ್ಟ ನುಣ್ಣಗೆ ಅಂತಾರೆ, ಬನ್ನಿ, ಅದರ ಬಣ್ಣ ಬಯಲು ಮಾಡ್ತೀನಿ" ಎಂದು ಪ್ರವಾಸಿಗಳನ್ನು ನಗಿಸುವ ಆಸಾಮಿ ಅವತ್ತು ತುಟಿ ಬಿಚ್ಚದೆ ದುರ್ಬೀನಿನ ಕ್ಯಾನ್ವಾಸ್ ಮುಸುಕನ್ನು ಎಳೆದು ಸರಿಮಾಡುತ್ತ ನಿಂತಿದ್ದ. ಹಳೆಯ ಮುಸುಕಿಗೆ ದಪ್ಪನೆಯ ಬಿಳಿ ದಾರದ ಹೊಸ ಹೊಲಿಗೆ ಬಿದ್ದಿತ್ತು.

ಎರಡನೆಯವನು ಫೋಟೊದವನು. ಫೋಟೊ ಕಳಿಸಲು ವಿಳಾಸ ಬೇಕೆಂದು ಪುಸ್ತಕವನ್ನು ದಿನಕ್ಕೆ ಹತ್ತು ಸಲ ತಿರುವಿಹಾಕುತ್ತಾನೆ. ಹಿಂದಿನ ವರ್ಷ ಟೀಚರಮ್ಮ ಪುಟ ಓದುವಾಗ ಕೇಳದೆ ಫೋಟೊ ತೆಗೆದು ಹಲಗೆಗೆ ಅಂಟಿಸಿದ್ದ. ಅವರು ಎಲ್ಲರೆದುರು ಅದನ್ನು ಕೀಳಿಸಿದ್ದರು. ಮೂರನೆಯವಳು ಚಹಾದಂಗಡಿಯ ಅಕ್ಕ. ಸಿಕ್ಕಿದ ಕಾಗದವೆಲ್ಲ ಅವಳ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ.

ನಾನಂತೂ ಫೋಟೊದವನೇ ಎಂದು ತೀರ್ಮಾನಿಸಿಬಿಟ್ಟೆ. ಯಾರೂ ಏನೂ ಕೇಳುವ ಮೊದಲೇ ಅವನು, "ನನ್ನ ಮೇಲೆ ಯಾಕೆ ಕಣ್ಣು? ನಾನ್ಯಾಕೆ ತೆಗೀಲಿ?" ಅಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ಭಾವನ ಕಿವಿಯಲ್ಲಿ ಹೇಳಿದೆ. "ಹೆಗಲು ಮುಟ್ಕೊಳ್ಳೋರೆಲ್ಲ ಕಳ್ಳರಾದ್ರೆ ಜೈಲು ಸಾಲೋದಿಲ್ಲ ಕಣಯ್ಯ," ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಅವರು ಪುಸ್ತಕವನ್ನು ಬೆನ್ನು ಮೇಲೆ ಮಾಡಿ ಹಿಡಿದರು, ಬೆರಳಿನಿಂದ ಹೊಲಿಗೆ ಸವರಿದರು, ಮೂಸಿಯೂ ನೋಡಿದರು. ನಾನೂ ಪಕ್ಕದಲ್ಲೇ ಬಗ್ಗಿ ನೋಡಿದೆ. ಹರಿದ ಅಂಚು ಇರಲಿಲ್ಲ. ಪುಸ್ತಕದ ಬೇರೆ ಕಡೆ ದಾರ ತೆಳ್ಳಗೆ ಹಳದಿಗಟ್ಟಿತ್ತು. ಪುಟ ಕಾಣೆಯಾದ ಈ ಎಲೆಗಳ ಕಂತೆಯ ನಡುವೆ ಮಾತ್ರ ದಪ್ಪ, ಬಿಳಿ. ಅಲ್ಲಿ ಬರೆಯುವವರೆಲ್ಲ ತಮ್ಮ ಹೆಸರಿನ ಮುಂದೆ ಕ್ರಮಸಂಖ್ಯೆ ಹಾಕಬೇಕು. ಟೀಚರಮ್ಮನ ಗಂಡನದು 1815. ಒಂದು ಪುಟ 1802ಕ್ಕೆ ಮುಗಿದರೆ ಮುಂದಿನದು 1837ರಿಂದ ಶುರುವಾಗಿತ್ತು.

ಭಾವ ಅಲ್ಲಿಗೆ ನಿಲ್ಲಿಸಲಿಲ್ಲ. ತುಟಿಯಲ್ಲೇ ಎಣಿಸುತ್ತ ಮುಂದಕ್ಕೆ ತಿರುವಿದರು. ಆರು ಎಲೆ ದಾಟಿ ನಿಂತು, "ನಿನ್ನ ಹಳೇ ಡೈರಿಗಳು ಕಾರಲ್ಲೇ ಇರ್ತವಲ್ಲ? ಒಂಬತ್ತು ವರ್ಷದ ಹಿಂದಿನದು ತಗೊಂಬಾ," ಎಂದರು. ಯಾವ ದಿನ ಯಾರನ್ನು ಎಲ್ಲಿಗೆ ಕರೆದೊಯ್ದೆ ಎಂದು ಬರೆದಿಡುವುದು ನನ್ನ ಚಾಳಿ. ನನ್ನವಳು ಇದಕ್ಕೆ ನಗುತ್ತಿದ್ದಳು. ಅದನ್ನು ತಂದುಕೊಟ್ಟು, ಅಕ್ಕನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕಾದೆ. ಅಧಿಕಾರಿ ಬಲು ಖಡಕ್ಕಂತೆ. ಕೆರೆಯ ಕಾವಲುಗಾರ ಪುಸ್ತಕ ಸರಿಯಾಗಿ ಇಡಲಿಲ್ಲವೆಂದು ಹೋದ ತಿಂಗಳು ಕೆಲಸದಿಂದಲೂ ಕೋಣೆಯಿಂದಲೂ ಹೊರಗೆ ಹಾಕಿದರಂತೆ. ಇಷ್ಟು ಸುದ್ದಿ ಅವಳಿಂದ ಸಿಕ್ಕಿತು.

ಮಧ್ಯಾಹ್ನದ ಮಂಜು ಕವಿದು ಎದುರಿನ ಬೆಟ್ಟಸಾಲು ಮರೆಯಾದ ಮೇಲೆ ಭಾವ ಎಲ್ಲರನ್ನೂ ತಾತನ ಕೋಣೆಗೆ ಕರೆದರು. ಒಂದು ಮಂಚ, ಒಂದು ಮೇಜು, ಒಂದು ತಟ್ಟೆ, ಒಂದು ಲೋಟ. ನಾವು ಐದು ಜನ ಹೊಕ್ಕಾಗ ಕೂರಲು ಜಾಗ ಸಾಲದೆ ತಾತ ಗಡಿಬಿಡಿಗೊಂಡ. ಆ ಕೋಣೆಗೆ ಅಷ್ಟು ಜನ ಎಂದೂ ಬಂದಿರಲಿಕ್ಕಿಲ್ಲ.

ಭಾವ ಅಕ್ಕನ ಅಂಗಡಿಯಿಂದ ತಂದ ಎಂಟು ಕಾಗದಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರು. "ಪುಸ್ತಕ ಅಂದ್ರೆ ಬಿಡಿ ಎಲೆ ಅಲ್ಲ. ಹೀಗೆ ಮಡಚಿ, ಮಡಿಕೆಯಲ್ಲಿ ದಾರ ಹಾಕ್ತೀವಿ. ಎಂಟು ಹಾಳೆ, ಹದಿನಾರು ಎಲೆ. ಈಗ ದಾರದಿಂದ ಎಡಕ್ಕೆ ನಾಲ್ಕನೇ ಎಲೆ ಎಳೀರಿ."

ಟೀಚರಮ್ಮ ಎಳೆದರು. ಬಲಗಡೆಯ ನಾಲ್ಕನೆಯ ಎಲೆಯೂ ಅದರ ಜೊತೆಗೇ ಬಂತು.

"ನಿಮ್ಮ ಯಜಮಾನರ ಎಲೆ ದಾರದಿಂದ ಎಡಕ್ಕೆ ನಾಲ್ಕನೇದು," ಎಂದರು ಭಾವ. "ಹಾಗಾದ್ರೆ ಬಲಕ್ಕೆ ನಾಲ್ಕನೇದೂ ಹೋಗಿರ್ಬೇಕು. ಹೋಗಿದೆ. ಅಲ್ಲಿ ಸಂಖ್ಯೆ 2040ರಿಂದ 2075ಕ್ಕೆ ಹಾರಿದೆ. ಎಲ್ಲರೂ ನಿಮ್ಮ ಎಲೆ ಯಾರು ಕದ್ದರು ಅಂತ ಹುಡುಕ್ತಿದ್ರು ತಾಯಿ. ಅದನ್ನ ಯಾರೂ ಕದ್ದಿಲ್ಲ. ಕದ್ದದ್ದು ಇನ್ನೊಂದನ್ನ. ನಿಮ್ಮದು ಅದರ ಜೊತೆ ಬಂದ್ಬಿಡ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಫೋಟೊದವನು ನಿರಾಳವಾಗಿ ಉಸಿರುಬಿಟ್ಟ. ಹಗೆ ತೀರಿಸುವವನಾದರೆ ಕಾಣುವ ಹಾಗೆ ಪರ್ರನೆ ಹರಿಯುತ್ತಿದ್ದ ಎಂದರು ಭಾವ. ಪೊಟ್ಟಣಕ್ಕೆ ಕಾಗದ ಬೇಕಾದವಳೂ ಹರಿಯುತ್ತಿದ್ದಳು. ದಾರ ಬಿಚ್ಚಿ ಮತ್ತೆ ಹೊಲಿಯುತ್ತ ಕೂರಲು ಅವಳಿಗೇನು ಹುಚ್ಚೇ? ಪುಸ್ತಕ ನೆಟ್ಟಗೆ ಕಾಣಬೇಕು, ಎಲೆ ಮಾತ್ರ ಇರಬಾರದು. ಹಾಗೆ ಬಯಸುವವನು ಪುಸ್ತಕಕ್ಕೆ ಉತ್ತರ ಕೊಡಬೇಕಾದವನೇ ಇರಬೇಕು.

ಭಾವ ನನ್ನ ಡೈರಿ ತೆರೆದರು. "2040ನೇ ಸಹಿ ಮೂರನೇ ತಾರೀಖು. 2075 ಹದಿನೈದಕ್ಕೆ. ನಡುವೆ ಮೂವತ್ತನಾಲ್ಕು ಜನ. ನನ್ನ ಭಾವನೆಂಟನ ಡೈರಿ ನೋಡಿ: ನಾಲ್ಕರಿಂದ ಹದಿನಾಲ್ಕರ ತನಕ ಗುಡ್ಡ ಕುಸಿದು ರಸ್ತೆ ಬಂದ್. ಇಲಿಮರಿಯೂ ಮೇಲೆ ಬಂದಿಲ್ಲ. ಮತ್ತೆ ಆ ಮೂವತ್ತನಾಲ್ಕು ಜನ ಯಾರು? ಅವರನ್ನ ಕಂಡವರು ಒಬ್ಬರೇ. ಪುಸ್ತಕದ ಬಿಳಿ ದಾರ, ದುರ್ಬೀನಿನ ಮುಸುಕು ಹೊಲಿದ ದಾರ, ಎರಡೂ ಒಂದೇ ಉಂಡೆಯದು."

ಎಲ್ಲರೂ ತಾತನ ಕಡೆ ನೋಡಿದೆವು. ಅವನು ಹೊರಗೆ ಹೋಗಿ, ಮುಸುಕಿನ ಒಳಪದರದಿಂದ ಮಡಿಕೆ ಕೆಡದ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ.

ಎಡಗಡೆಯ ಎಲೆಯಲ್ಲಿ ಟೀಚರಮ್ಮನ ಗಂಡನ ಎರಡು ಸಾಲು. ಬಲಗಡೆಯ ಎಲೆಯ ಎರಡೂ ಬದಿಯಲ್ಲಿ ಒಟ್ಟು ಮೂವತ್ತನಾಲ್ಕು ಹೆಸರು, ಬೇರೆ ಬೇರೆ ಊರು, ಬೇರೆ ಬೇರೆ ಓರೆಯ ಅಕ್ಷರ. ಕೊನೆಕೊನೆಗೆ ಅಕ್ಷರ ಬದಲಿಸುವ ಶ್ರಮವನ್ನೂ ಬಿಟ್ಟಿದ್ದ. ಟೀಚರಮ್ಮ ಮೊದಲು ಎಡಗಡೆ ಓದಿ, ಬಲಗಡೆಗೆ ಬಂದು, ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು: "ಮಗಳು, ಅಳಿಯ, ಎರಡು ಮೊಮ್ಮಕ್ಕಳು ಅಪ್ಪನನ್ನು ನೋಡಲು ಬಂದಿದ್ದರು. ಚಿಕ್ಕವಳಿಗೆ ದುರ್ಬೀನು ಎಟುಕಲಿಲ್ಲ, ಎತ್ತಿ ಹಿಡಿದು ತೋರಿಸಿದೆ."

"ಮಗಳು ಯಾವೂರಲ್ಲಿದ್ದಾರೆ?" ಎಂದಳು ಚಹಾದಂಗಡಿಯ ಅಕ್ಕ. ಅವಳು ಅಲ್ಲಿ ಅಂಗಡಿ ಇಟ್ಟು ಐದೇ ವರ್ಷ.

"ನನಗೆ ಮದುವೇನೇ ಆಗಿಲ್ಲಮ್ಮ," ಎಂದ ತಾತ.

ಮತ್ತೆ ಅವನೇ ಹೇಳಿದ. ಹನ್ನೊಂದು ದಿನ ಮನುಷ್ಯರ ದನಿ ಕೇಳಿರಲಿಲ್ಲ. ಮೊದಲ ದಿನ ಸುಮ್ಮನೆ ಒಂದು ಹೆಸರು ಬರೆದ. ಮಾರನೆಯ ದಿನ ಆ ಹೆಸರಿನವನ ಮನೆಯವರನ್ನೂ ಕರೆಸಿದ. ಬಂದವರಿಗೆಲ್ಲ ದುರ್ಬೀನು ತೋರಿಸಿದ, ನಗಿಸಿದ. ಎಲೆ ಮುಗಿಯಿತು, ರಸ್ತೆಯೂ ತೆರೆಯಿತು, ನಾಚಿಕೆಯಾಗಿ ನಿಲ್ಲಿಸಿದ. ಅಧಿಕಾರಿಯ ಕಾಗದ ಬಂದ ದಿನ ಅದನ್ನು ಕಿತ್ತ.

"ಈ ಅಮ್ಮನ ಎಲೆನೂ ಜೊತೇಲಿ ಬಂತು. ಕತ್ತರಿ ಹಿಡಿದು ಕೂತೆ, ಕತ್ತರಿಸೋಕೆ ಕೈ ಬರಲಿಲ್ಲ. ಅಂಚೆಯಲ್ಲಿ ಕಳಿಸೋಣ ಅಂದ್ರೆ ವಿಳಾಸ ಇಲ್ಲ. ಇವರು ಒಂದ್ಸಲನೂ ಬರೆದಿಲ್ಲವಲ್ಲ. ಇವತ್ತು ಬೆಳಿಗ್ಗೆಯಿಂದ ಹೇಳ್ಬೇಕು ಹೇಳ್ಬೇಕು ಅಂತಲೇ ನಿಂತಿದ್ದೆ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಭಾವನೂ ಇಲ್ಲದ ನಮ್ಮ ಮನೆಯಲ್ಲಿ ನಾನು ಹನ್ನೊಂದು ದಿನ ಒಬ್ಬನೇ ಇದ್ದರೆ ಯಾರ ಹೆಸರು ಬರೆಯುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಭಾವ ಸೂಜಿ ದಾರ ತೆಗೆದು ಟೀಚರಮ್ಮನಿಗೆ ಮೂರು ದಾರಿ ಹೇಳಿದರು. ಹಾಳೆಯನ್ನು ಮೊದಲಿನಂತೆ ಹೊಲಿದರೆ ಅವರ ಎಲೆ ತನ್ನ ಜಾಗಕ್ಕೆ ಹೋಗುತ್ತದೆ. ತಾತನದೂ ಅಧಿಕಾರಿಯ ಕಣ್ಣಿಗೆ ಬಿದ್ದು ಅವನ ಕೆಲಸ, ಕೋಣೆ ಎರಡೂ ಹೋಗುತ್ತವೆ. ಮಡಿಕೆಯಲ್ಲಿ ಕತ್ತರಿಸಿ ಅವರದನ್ನಷ್ಟೇ ಅಂಟಿಸಬಹುದು. ಆಗ ಅದೂ ನಾಳೆ ಕಚೇರಿಯ ಉಗ್ರಾಣ ಸೇರುತ್ತದೆ. ಇಲ್ಲವಾದರೆ ಇಡೀ ಹಾಳೆಯನ್ನು ಅವರೇ ಒಯ್ಯಬೇಕು. ಪುಸ್ತಕದ ಹೊಲಿಗೆ ಅನುಮಾನ ಬಾರದಂತೆ ಮಾಡುವುದು ತಮ್ಮ ಹೊಣೆ ಎಂದರು. "ಸಂಖ್ಯೆ ಹಾರಿದ್ದನ್ನ ನೋಡೋ ವ್ಯವಧಾನ ಅಧಿಕಾರಿಗೆ ಎಲ್ಲಿಂದ ಬರ್ಬೇಕು? ನಾನೇನೋ ಕೆಲಸ ಇಲ್ಲದವನು."

ಫೋಟೊದವನು ತಾನು ಏನೂ ಕೇಳಿಲ್ಲ ಅಂದ. ಅಕ್ಕ ತಾನು ಅಲ್ಲಿಗೆ ಬಂದೇ ಇಲ್ಲ ಅಂದಳು. ಟೀಚರಮ್ಮ ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿ ಚೀಲದಲ್ಲಿಟ್ಟುಕೊಂಡರು.

ಕಾರಿನ ತನಕ ತಾತ ಬಂದ. ಬಾಗಿಲು ಹಿಡಿದು, ನೆಲ ನೋಡುತ್ತ ಕೇಳಿದ: "ಪುಟ ಈಗ ಮನೇಲೇ ಇರುತ್ತೆ. ಇನ್ನು ಈ ಕಡೆ ಬರೋ ಕೆಲಸ ಇರೋದಿಲ್ಲ, ಅಲ್ವಾ?"

ಟೀಚರಮ್ಮ ಚೀಲದ ಮೇಲೆ ಕೈಯಿಟ್ಟುಕೊಂಡರು.

"ನಿಮ್ಮ ಮಗಳು ಮೊಮ್ಮಕ್ಕಳೂ ಇದರಲ್ಲೇ ಇದ್ದಾರಲ್ಲ," ಎಂದರು. "ಮುಂದಿನ ಸಲ ಕರ್ಕೊಂಡು ಬರ್ತೀನಿ."