ಯಾರದೂ ಅಲ್ಲದ ಮುಖ

ಅಕ್ಟೋಬರ್ ಮೊದಲ ವಾರ. ಬನ್ನಿ ಹಬ್ಬ ಮುಗಿದಿತ್ತು, ಶಾಲೆಗಳಿಗೆ ಇನ್ನೂ ರಜೆ ಇತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಆಳಂದ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗಿಯ ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಹೆಸರು ಸೀಮಾ, ಊರು ಜೇವರ್ಗಿ. ಪಿಎಸ್‌ಐ ಶೈಲಶ್ರೀ ಕೊಟ್ಟ ನೀರನ್ನು ಅವಳು ಕುಡಿಯಲಿಲ್ಲ. ಲೋಟ ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳು.

“ನಮ್ಮವ್ವಗ ಹೊಡ್ಯಾಕತ್ತಾರ್ರಿ. ಮಂದಿ ಭಾಳ ಇದ್ದಾರ್ರಿ.”

“ಎಲ್ಲಿ?”

“ಕಿಣ್ಣಿ ಸುಲ್ತಾನ ಊರಿನ ದಾರ್ಯಾಗ್ರಿ. ಅವ್ವ ತೊಗರಿ ಹೊಲದಾಗ ಓಡಿಹೋದ್ಲು. ನನಗ ಸಿಕ್ಕ ಗಾಡಿ ಹತ್ತು ಅಂದ್ಲು.”

“ಯಾಕ ಹೊಡದ್ರು?”

“ಮಕ್ಕಳ ಕಳ್ಳಿ ಅಂದ್ರು.”

ಸೀಮಾಳ ತಾಯಿ ಗಂಗಾಬಾಯಿಯದು ಊರೂರು ತಿರುಗುವ ಕಸುಬು. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಾರಲ್ಲ, ಅದನ್ನು ಪಡೆದು ಸ್ಟೀಲ್ ಬಟ್ಟಲು, ಪಿನ್ನು, ರಿಬ್ಬನ್ನು ಕೊಡುತ್ತಿದ್ದಳು. ಅವತ್ತು ತಾಯಿ ಮಗಳು ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮೊಬೈಲ್ ತೆಗೆದು ಗಂಗಾಬಾಯಿಯ ಮುಖದ ಪಕ್ಕ ಹಿಡಿದು ನೋಡಿದ. ಇನ್ನೊಬ್ಬ ಅವಳ ಚೀಲ ಕಸಿದು ಬೋರಲು ಹಾಕಿದ. ಬಿದ್ದದ್ದು ಕೂದಲು. ಮಕ್ಕಳ ತಲೆ ಬೋಳಿಸಿದ್ದಾಳೆ ಎಂದು ಯಾರೋ ಕೂಗಿದರಂತೆ. ಆಮೇಲೆ ಸೀಮಾಗೆ ಕೇಳಿಸಿದ್ದು ಬರೀ ಗದ್ದಲ.

“ಮೊಬೈಲ್‌ನ್ಯಾಗ ಏನಿತ್ತು?”

“ಒಂದು ಹೆಣ್ಣಿನ ಫೋಟೋ ಇತ್ರಿ. ನಮ್ಮವ್ವ ಅಲ್ರಿ ಅದು.”

ಆ ಫೋಟೋ ಯಾವುದೆಂದು ಶೈಲಶ್ರೀಗೆ ಗೊತ್ತಿತ್ತು. ನಾಲ್ಕು ಮುಖಗಳು, ಅದರಲ್ಲಿ ಒಂದು ಹೆಂಗಸಿನದು, ಮೇಲೆ ಕೆಂಪಕ್ಷರದಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ, ಹೊಳೆ ದಂಡೆಯಲ್ಲಿ ಅಡಗಿರುತ್ತಾರೆ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ’ ಎಂಬ ಬರಹ. ಹಿಂದಿನ ದಿನ ಅದು ಠಾಣೆಯ ಮೊಬೈಲ್‌ಗೂ ಬಂದಿತ್ತು. ಯಾರಿರಬಹುದು ನೋಡೋಣ ಎಂದು ಅವಳೇ ಅದನ್ನು ಊರಿನ ಹಿರಿಯರು, ಯುವಕರು ಎಲ್ಲರೂ ಇರುವ ಠಾಣೆಯ ವಾಟ್ಸಾಪ್ ಬೀಟ್ ಗ್ರೂಪಿಗೆ ಹಾಕಿ, ‘ಇವರ ಗುರುತು ಸಿಕ್ಕಲ್ಲಿ ಠಾಣೆಗೆ ತಿಳಿಸಿ’ ಎಂದು ಬರೆದಿದ್ದಳು. ದಿನಾಲೂ ಮಾಡುವ ಕೆಲಸ ಅದು. ಕಳುವಾದ ಬೈಕು, ಕಾಣೆಯಾದ ಮುದುಕ, ಯಾವುದೇ ಇರಲಿ, ಹೀಗೇ ಹಾಕುತ್ತಿದ್ದರು.

ಎಫ್‌ಐಆರ್ ಆಮೇಲೆ ಎಂದು ಜೀಪು ಹತ್ತಿದಳು. ಜೊತೆಗೆ ಸೀಮಾ, ಇಬ್ಬರು ಪೇದೆಗಳು, ಹೆಡ್ ಕಾನ್‌ಸ್ಟೆಬಲ್ ಖಂಡಪ್ಪ. ಖಂಡಪ್ಪ ತಾಲೂಕಿನ ಎಲ್ಲ ಚಹಾದಂಗಡಿಗಳ ಪರಿಚಯವಿದ್ದ ಆಸಾಮಿ. ಮಾತಿಗಿಂತ ಆಕಳಿಕೆಯೇ ಹೆಚ್ಚು. ಅವತ್ತು ಮಾತ್ರ ಅವನು ದಾರಿಯುದ್ದಕ್ಕೂ ಆಕಳಿಸಲಿಲ್ಲ.

ಸ್ಥಳದಲ್ಲಿ ಸುತ್ತಲಿನ ಹಲವು ಊರಿನ ಮಂದಿ ನೆರೆದಿದ್ದರು. ಓಡಿಹೋಗುವವರು ಯಾರೂ ಇರಲಿಲ್ಲ. ಬಿಳಿ ಅಂಗಿಯ ಒಬ್ಬ ಮುಂದೆ ಬಂದು ಬಹುಮಾನ ಸಿಗುವವನ ಹಾಗೆ ನಿಂತ.

“ಮೇಡಂ, ನೀವ ಹಾಕಿದ್ರಲ್ರಿ ಗ್ರೂಪ್‌ನ್ಯಾಗ. ಹಿಡದು ಕೊಡಬೇಕಂತ ಮಾಡಿದ್ವಿ, ಓಡಿದ್ಲು. ನಮ್ಮ ಹುಡುಗ್ರು ಆ ಕಡಿಯಿಂದ ಹುಡುಕಾಕತ್ತಾರ.”

ನಿಜವೇ. ಹೊಲದ ಆಚೆ ಅಂಚಿನಿಂದ ಬಡಿಗೆ ಹಿಡಿದವರ ದನಿ ಕೇಳುತ್ತಿತ್ತು. ಆ ಹೆಂಗಸು ಸತ್ತರೆ ಅದರಲ್ಲಿ ತನ್ನದೂ ಒಂದು ಪಾಲು ಎಂದು ಶೈಲಶ್ರೀಗೆ ಅಲ್ಲೇ ಅನಿಸಿತು. ಪೇದೆಗಳನ್ನು ಆ ಕಡೆಗೆ ಓಡಿಸಿ, ತಾನು ಸೀಮಾಳನ್ನು ಕರೆದುಕೊಂಡು ತೊಗರಿಯೊಳಗೆ ನುಗ್ಗಿದಳು. ಗಿಡಗಳು ತಲೆಯಿಂದ ಮೇಲೆ ಬೆಳೆದಿದ್ದವು. ಎರಡು ಮಾರು ಆಚೆ ಏನಿದೆ ಎಂಬುದೂ ಕಾಣುತ್ತಿರಲಿಲ್ಲ.

“ಜೋರಾಗಿ ಕರೀಬ್ಯಾಡ,” ಎಂದಳು. “ಅವರಿಗೂ ಕೇಳಸ್ತದ.”

ಸೀಮಾ ಪಿಸುದನಿಯಲ್ಲಿ ಅವ್ವಾ, ಅವ್ವಾ ಎನ್ನುತ್ತ ನಡೆದಳು. ಬಡಿಗೆಯವರ ದನಿ ಹತ್ತಿರವಾಗುತ್ತಿತ್ತು. ಹೊಲದ ನಡುವಿನ ಒಡ್ಡಿನ ಬುಡದಲ್ಲಿ, ನೀರು ಹರಿದು ಆದ ತಗ್ಗಿನಲ್ಲಿ, ಗಂಗಾಬಾಯಿ ಮುದುಡಿ ಬಿದ್ದಿದ್ದಳು. ತಲೆಯಿಂದ ರಕ್ತ ಇಳಿದು ಕೊರಳಲ್ಲಿ ಒಣಗಿತ್ತು. ಮಗಳ ದನಿ ಕೇಳಿದರೂ ಅವಳು ಮುಖಕ್ಕೆ ಬಿಗಿದುಕೊಂಡ ಸೆರಗು ತೆಗೆಯಲಿಲ್ಲ.

“ನನ್ನ ಮಾರಿ ನೋಡಬ್ಯಾಡ್ರಿ,” ಎಂದಳು. “ನನ್ನ ಮಾರಿ ಯಾರಿಗೂ ತೋರಸಬ್ಯಾಡ್ರಿ.”

ಪೇದೆಗಳು ಬಡಿಗೆಯವರನ್ನು ಅಲ್ಲೇ ತಡೆದರು. ಸಂಜೆಯೊಳಗೆ ಗಂಗಾಬಾಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಸೀಮಾಳ ಹೇಳಿಕೆಯ ಮೇಲೆ ಅಕ್ರಮ ಕೂಟ, ಕೊಲೆಯತ್ನ ಎಂದು ಎಫ್‌ಐಆರ್ ಆಯಿತು. ಬಿಳಿ ಅಂಗಿಯವನೂ ಸೇರಿ ನಾಲ್ವರನ್ನು ದಸ್ತಗಿರಿ ಮಾಡಿದರು. ಸ್ಥಳದ ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಹರಿದ ಚೀಲ, ಸ್ಟೀಲ್ ಬಟ್ಟಲುಗಳು, ಪಿನ್ನಿನ ಪೊಟ್ಟಣ, ಕೂದಲು. ಸಹಿ ಹಾಕಿದ ಪಂಚರಲ್ಲಿ ಒಬ್ಬ ಕೂದಲಿನ ಕಡೆಗೇ ನೋಡುತ್ತಿದ್ದ. ಆ ಕೂದಲಲ್ಲಿ ಅವನ ಹೆಂಡತಿ ಬೆಳಿಗ್ಗೆ ಕೊಟ್ಟದ್ದೂ ಇತ್ತು.

ಮರುದಿನ ಆಸ್ಪತ್ರೆಯಲ್ಲಿ ಶೈಲಶ್ರೀ ಆ ಚಿತ್ರವನ್ನು ಗಂಗಾಬಾಯಿಗೆ ತೋರಿಸಿದಳು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

“ಇದು ನಾನ ಏನ್ರಿ ಮೇಡಂ?”

ಅವಳಲ್ಲ. ಚಿತ್ರದ ಹೆಂಗಸು ದುಂಡು ಮುಖದವಳು, ಗಂಗಾಬಾಯಿಯದು ಕೋಲು ಮುಖ. ಮೂಗು, ಹುಬ್ಬು, ಬಣ್ಣ ಯಾವುದೂ ಕೂಡುತ್ತಿರಲಿಲ್ಲ. ಇಬ್ಬರ ಹಣೆಯಲ್ಲೂ ಕುಂಕುಮ ಇತ್ತು, ಅಷ್ಟೇ. ಅಷ್ಟು ಮಂದಿ ಹಗಲು ಹೊತ್ತಿನಲ್ಲಿ ಕಣ್ಣು ಬಿಟ್ಟು ನೋಡಿ, ಅವಳೇ ಇವಳು ಎಂದಿದ್ದರು. ಹಾಗಾದರೆ ನಾಳೆ ಇನ್ನಾರನ್ನು ಹಿಡಿಯುತ್ತಾರೋ ಎಂದು ಶೈಲಶ್ರೀಗೆ ನಿಜಕ್ಕೂ ಹೆದರಿಕೆಯಾಯಿತು.

ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕುಳಿತಳು. ಆ ಹೆಂಗಸಿನ ಒಂದು ಕಿವಿಯಲ್ಲಿ ಬೆಂಡೋಲೆ, ಇನ್ನೊಂದರಲ್ಲಿ ಕರಗಿದ ಮೇಣದಂಥ ಏನೋ ಒಂದು. ನಾಲ್ಕೂ ಮುಖಗಳ ಕಣ್ಣುಗಳು ಚೌಕಟ್ಟಿನಲ್ಲಿ ಒಂದೇ ಎತ್ತರಕ್ಕೆ ಕೂತಿದ್ದವು. ಠಾಣೆಯಲ್ಲಿ ನಿಲ್ಲಿಸಿ ತೆಗೆದ ಆರೋಪಿಗಳ ಫೋಟೋ ಎಷ್ಟೋ ನೋಡಿದ್ದಳು, ಯಾವ ಇಬ್ಬರೂ ಹೀಗೆ ಒಂದೇ ಅಳತೆಗೆ ನಿಂತಿರಲಿಲ್ಲ. ಜಿಲ್ಲೆಯ ಸೈಬರ್ ಠಾಣೆಗೆ ಕಳಿಸಿದಳು. ಮಧ್ಯಾಹ್ನವೇ ಉತ್ತರ ಬಂತು. ಇವು ಮನುಷ್ಯರ ಫೋಟೋಗಳಲ್ಲ, ಕಂಪ್ಯೂಟರ್ ಹುಟ್ಟಿಸಿದ ಮುಖಗಳು. ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿರುತ್ತಾರೆ.

“ಅಂದ್ರ ಈಕಿ ಎಲ್ಲಿ ಇರ್ತಾಳ್ರಿ?” ಖಂಡಪ್ಪ ಕೇಳಿದ.

“ಎಲ್ಲೂ ಇಲ್ಲ. ಹುಟ್ಟೇ ಇಲ್ಲ.”

“ಹುಟ್ಟದಾಕಿನ್ನ ಹೆಂಗ ಹಿಡಿಯೂದ್ರಿ?” ಎಂದು ಅವನು ಮಬ್ಬಾಗಿ ಕೂತ. ಅವನ ಮುಖದಲ್ಲೂ ಭಯ ಕಂಡಿತು. ದೆವ್ವಕ್ಕಾದರೂ ಒಂದು ಹಿಂದಿನ ಜನ್ಮ ಇರುತ್ತದೆ.

ಶೈಲಶ್ರೀ ಗ್ರೂಪಿನಲ್ಲಿ ತಿದ್ದುಪಡಿ ಹಾಕಿದಳು: ಈ ಮುಖಗಳು ಸುಳ್ಳು, ಯಾರನ್ನೂ ಮುಟ್ಟಬೇಡಿ. ಮೊದಲು ಪೊಲೀಸರೇ ಹೇಳಿದ್ದರಲ್ಲ, ಈಗ ಮುಚ್ಚಿಹಾಕುತ್ತಿದ್ದಾರೆ ಎಂದು ಉತ್ತರಗಳು ಬಂದವು. ನರೋಣಾದಲ್ಲಿ ಕೌದಿ ಹೊಲಿಯುವ ಹೆಂಗಸನ್ನು ಬಸ್ಸಿನಿಂದ ಇಳಿಸಿ ಫೋಟೋಕ್ಕೆ ಹೋಲಿಸಿ ನೋಡಿದ ಸುದ್ದಿಯೂ ಅವತ್ತೇ ಬಂತು. ಅಲ್ಲಿನ ಕಂಡಕ್ಟರ್ ಅಡ್ಡ ನಿಂತದ್ದಕ್ಕೆ ಆಕೆ ಬದುಕಿದಳು. ಇದನ್ನು ಮಾಡಿದವನನ್ನು ಹಿಡಿದು ಮಂದಿಯ ಮುಂದೆ ನಿಲ್ಲಿಸದೆ ಯಾರೂ ನಂಬುವುದಿಲ್ಲ ಎಂಬುದು ಶೈಲಶ್ರೀಗೆ ಖಾತ್ರಿಯಾಯಿತು.

ಹೊಳೆ ದಂಡೆ ಎಂಬ ಮಾತೊಂದು ಅವಳನ್ನು ಕೊರೆಯುತ್ತಿತ್ತು. ಆಳಂದದ ಮಳೆ ನಂಬಿದ ಹೊಲಗಳಲ್ಲಿ ಕಳ್ಳ ಅಡಗುವಂಥ ಹೊಳೆ ಎಲ್ಲಿದೆ? ಇದನ್ನು ಬರೆದವನು ಭೀಮಾ ನದಿಯ ಕಡೆಯವನಿರಬೇಕು. ಅಫಜಲಪುರ, ಜೇವರ್ಗಿ ಎರಡೂ ಠಾಣೆಗಳಿಗೆ ಫೋನ್ ಮಾಡಿ, ಈ ಮುಖಗಳ ಬಗ್ಗೆ ಯಾವ ಚಿಕ್ಕ ದೂರು ಬಂದರೂ ಹೇಳಿ ಎಂದಳು. ಎರಡು ದಿನದ ಮೇಲೆ ಅಫಜಲಪುರದಿಂದ ಕರೆ ಬಂತು. ಅಲ್ಲಿ ಒಂದು ಹೊಲಿಗೆ ತರಬೇತಿ ಕೇಂದ್ರದ ಫ್ಲೆಕ್ಸ್‌ಗೆ ಜನ ಕಲ್ಲು ಹೊಡೆದಿದ್ದರು.

ಶೈಲಶ್ರೀ ಖಂಡಪ್ಪನೊಂದಿಗೆ ಅಲ್ಲಿಗೆ ಹೋದಾಗ ಫ್ಲೆಕ್ಸಿನಲ್ಲಿ ಅದೇ ದುಂಡು ಮುಖದ ಹೆಂಗಸು ನಗುತ್ತಿದ್ದಳು. ಹಣೆ ಹರಿದಿತ್ತು. ಕೇಂದ್ರ ನಡೆಸುವ ವಿದ್ಯಾವತಿ ಬಾಗಿಲು ಅರ್ಧ ತೆರೆದೇ ಮಾತಾಡಿದಳು.

“ಈಕಿ ಯಾರ್ರಿ?”

“ಯಾರೋ ಗೊತ್ತಿಲ್ರಿ. ಫ್ಲೆಕ್ಸ್ ಮಾಡಿದವ್ರು ಹಾಕ್ಯಾರ.”

“ನಿಮ್ಮಲ್ಲಿ ಕಲಿಯೋ ಹುಡುಗ್ಯಾರ ಫೋಟೋ ಯಾಕ ಹಾಕಲಿಲ್ಲ?”

“ಛೇ! ಮನಿ ಹೆಣ್ಮಕ್ಕಳ ಮಾರಿ ಬಜಾರದಾಗ ಹಚ್ಚತೀರೇನು ಅಂತ ಕೇಳ್ತಾರ್ರಿ. ಯಾರ ಮನ್ಯಾಗೂ ಒಪ್ಪಂಗಿಲ್ಲ. ಅದಕ್ಕ ಕಲ್ಯಾಣಕುಮಾರ, ಯಾರದೂ ಅಲ್ಲದ್ದು ಹಾಕ್ತೇನಿ, ಯಾರೂ ಜಗಳಕ್ಕ ಬರಂಗಿಲ್ಲ ಅಂದ.”

ಕಲ್ಯಾಣಕುಮಾರನ ಫ್ಲೆಕ್ಸ್ ಅಂಗಡಿ ಪಕ್ಕದ ಓಣಿಯಲ್ಲಿತ್ತು. ನಲವತ್ತರ ಆಸುಪಾಸಿನ ಮೆತ್ತನೆ ಮನುಷ್ಯ, ಮಣ್ಣೂರಿನವನು. ಸಮವಸ್ತ್ರ ಕಂಡ ಕೂಡಲೇ ಮಷಿನ್ ಬಂದ್ ಮಾಡಿ ಎದ್ದು ನಿಂತ. ಶೈಲಶ್ರೀ ಚಿತ್ರ ತೋರಿಸಿದಳು.

“ಇದನ್ನ ನೀವ ಮಾಡಿದ್ದಾ?”

ಅವನು ಸುಳ್ಳು ಹೇಳಲಿಲ್ಲ. “ಹೌದ್ರಿ.”

“ಯಾಕ?”

ಅವನು ಕಂಪ್ಯೂಟರಿನ ಮುಂದಿನಿಂದ ಸರಿದು ನಿಂತ. ಪಂಚರನ್ನು ಕರೆಸಿ ಕಂಪ್ಯೂಟರ್ ತೆರೆಸಿದರು. ಒಂದು ಫೋಲ್ಡರಿನ ತುಂಬ ಮುಖಗಳಿದ್ದವು. ನಗುವವು, ಗಂಭೀರವಾದವು, ಮುದುಕರದು, ಎಳೆಯರದು. ಎಲ್ಲವೂ ನುಣ್ಣಗೆ, ಎಲ್ಲವೂ ನೇರವಾಗಿ ನೋಡುತ್ತಿದ್ದವು. ನೋಡುತ್ತ ಹೋದಂತೆ ಖಂಡಪ್ಪ ಕಣ್ಣು ತಿರುಗಿಸಿಕೊಂಡ. ಕೊನೆಯಲ್ಲಿ ಒಂದು ಮಾತ್ರ ಬೇರೆ ಇತ್ತು. ಶಾಲೆಯ ಅಂಗಿ ತೊಟ್ಟ ಹುಡುಗಿ, ಫೋಟೋ ಅಲುಗಾಡಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು.

“ಇದು?”

“ನನ್ನ ಮಗಳ್ರಿ. ಅಮೃತ.” ಅವನು ಕುರ್ಚಿ ಹಿಡಿದುಕೊಂಡ. “ಹೋದ ರಜಾದಾಗ ಹೊಳಿಗೆ ಈಜಾಕ ಹೋದ್ಲು. ಉಸುಕು ತೆಗದ ಗುಂಡಿ ಇದ್ದದ್ದು ಗೊತ್ತಾಗಲಿಲ್ಲ. ಆಕಿ ಬರಲಿಲ್ರಿ.”

ಆಮೇಲೆ ಒಂದೊಂದಾಗಿ ಹೇಳಿದ. ಮಗಳು ಹೋದ ಮೇಲೆ ತಾನೇ ಫ್ಲೆಕ್ಸ್ ಮಾಡಿ ಗುಂಡಿಯ ದಂಡೆಯಲ್ಲಿ ನಿಲ್ಲಿಸಿದ, ಆಳ ಇದೆ ಇಳಿಯಬೇಡಿ ಎಂದು. ಮಕ್ಕಳು ಅದರ ಬಡಿಗೆಗೇ ಅಂಗಿ ಜೋತು ಹಾಕಿ ನೀರಿಗೆ ಹಾರಿದರು. ಮನೆಮನೆಗೆ ಹೋಗಿ ಹೇಳಿದ. ದೊಡ್ಡವರು, ನಾವೂ ಅಲ್ಲೇ ಈಜು ಕಲಿತಿದ್ದು ಎಂದು ನಕ್ಕರು. ದಸರೆಯ ರಜೆ ಬಂತು.

“ನೀರಿಗೆ ಯಾರೂ ಅಂಜಂಗಿಲ್ರಿ. ಮಂದಿಗೆ ಅಂಜತಾರ. ಅದಕ್ಕ ಮಾಡಿದೆ.”

“ಒಬ್ಬಾಕಿ ತಲಿ ಒಡದಾರ. ಗೊತ್ತದ ಏನು?”

“ಯಾರಿಗೂ ತ್ರಾಸ ಆಗಬಾರದಂತ ಹುಟ್ಟದವರ ಮಾರಿ ಹುಡುಕಿ ಹಾಕಿದ್ದೆ ಮೇಡಂ. ಖರೆ ಮಂದಿದು ಒಂದೂ ಹಾಕಿಲ್ಲ. ನಮ್ಮೂರ ಗ್ರೂಪಿಗಷ್ಟ ಬಿಟ್ಟಿದ್ದೆ. ಆಳಂದಕ್ಕ ಹೆಂಗ ಹೋತೋ ನನಗ ಗೊತ್ತಿಲ್ಲ.”

ಶೈಲಶ್ರೀ ಗಂಗಾಬಾಯಿಯ ಫೋಟೋ ಅವನ ಮುಂದೆ ಇಟ್ಟಳು. ಬ್ಯಾಂಡೇಜು, ಊದಿದ ಕೆನ್ನೆ. ಅವನು ಎರಡೂ ಚಿತ್ರಗಳನ್ನು ಪಕ್ಕಪಕ್ಕ ನೋಡಿದ, ಮತ್ತೆ ನೋಡಿದ. “ಎಲ್ಲಿ ಹೋಲತಾಳ್ರಿ ಈಕಿ?” ಎಂದು ಅಳತೊಡಗಿದ.

ದಸ್ತಗಿರಿ ಪಂಚನಾಮೆ ಮುಗಿಸಿ, ಕಂಪ್ಯೂಟರ್, ಮೊಬೈಲ್ ಜಪ್ತಿ ಮಾಡಿ ಅವನನ್ನು ಜೀಪಿಗೆ ಹತ್ತಿಸಿದರು. ಮೊದಲು ಚಿತ್ರ ಬಿಟ್ಟದ್ದು ಮಣ್ಣೂರಿನ ಮನೆಯಿಂದ ಎಂದು ಅವನು ಹೇಳಿದ್ದರಿಂದ ಜೀಪು ಅಲ್ಲಿಗೇ ಹೊರಟಿತು. ಹಿಂದೆ ಒಂದು ಮೈಕಿನ ಆಟೋ. ಆಳಂದದವರೆಗೆ ಎಲ್ಲ ಊರುಗಳಲ್ಲೂ ಸಾರಬೇಕೆಂದು ಶೈಲಶ್ರೀ ಮೇಲಧಿಕಾರಿಗಳಿಂದ ಅನುಮತಿ ಪಡೆದಿದ್ದಳು. ಚಿತ್ರ ಹುಟ್ಟಿದ ಊರಿನಿಂದಲೇ ಶುರುವಾಗಬೇಕಿತ್ತು.

ಊರ ಅಗಸೆ ಬಾಗಿಲ ಬಳಿ ಕಲ್ಯಾಣಕುಮಾರ ಕೈ ಮುಗಿದ.

“ನನ್ನ ಫೋಟೋ ಪೇಪರಿಗೆ ಹಾಕ್ರಿ, ಜೇಲಿಗೆ ಹಾಕ್ರಿ. ಮಣ್ಣೂರಾಗ ಒಂದ ಸುಳ್ಳು ಅಂತ ಹೇಳಬ್ಯಾಡ್ರಿ. ರಜಾ ಮುಗಿಯೂತನ ಅಷ್ಟ. ಅದನ್ನ ಬಿಟ್ಟಾಗಿಂದ ಒಂದು ಕೂಸೂ ಹೊಳಿಗೆ ಹೋಗಿಲ್ರಿ.”

ಅವಳು ಬೀದಿ ನೋಡಿದಳು. ಹಾಡಹಗಲೇ ಕದ ಮುಚ್ಚಿದ್ದವು. ಜಗುಲಿಗಳ ಮೇಲೆ ಒಂದು ಮಗುವೂ ಇರಲಿಲ್ಲ. ಗೋಣಿ ಹೊತ್ತ ಅಪರಿಚಿತನೊಬ್ಬ ತಿರುವಿನಲ್ಲಿ ಕಂಡರೆ ಈ ಕದಗಳು ಹೇಗೆ ತೆರೆದುಕೊಳ್ಳುತ್ತವೆಂದು ಅವಳಿಗೆ ಗೊತ್ತಿತ್ತು. ಗಂಗಾಬಾಯಿ ಇನ್ನೂ ವಾರ್ಡಿನಲ್ಲಿ ಸೆರಗು ಬಿಗಿದುಕೊಂಡೇ ಮಲಗಿದ್ದಳು.

“ಹಚ್ಚು ಮೈಕ್,” ಎಂದಳು.

ಮಕ್ಕಳ ಕಳ್ಳರು ಯಾರೂ ಬಂದಿಲ್ಲ, ಫೋಟೋಗಳು ಸುಳ್ಳು, ಮಾಡಿದವನು ಸಿಕ್ಕಿದ್ದಾನೆ ಎಂದು ಮೈಕು ಮೂರು ಓಣಿ ಸುತ್ತಿತು. ಮೊದಲು ಒಂದು ಕದ ತೆರೆಯಿತು, ಆಮೇಲೆ ಹತ್ತು. ಹೆಂಗಸರು ಹೊರಬಂದು ಜೀಪಿನಲ್ಲಿ ಕೂತವನನ್ನು ನೋಡಿ, ಇವನಾ ಎಂದು ಬಾಯಿಗೆ ಕೈ ಹಚ್ಚಿದರು. ಕೆಲವರಿಗೆ ನಗುವೂ ಬಂತು. ದಿನಗಟ್ಟಲೆ ಕಟ್ಟಿಹಾಕಿದ್ದ ಮಕ್ಕಳು ಅವರ ಕಾಲಸಂದಿಯಿಂದ ನುಸುಳಿ ಹೊರಬಿದ್ದವು. ಮನೆಯ ಪಂಚನಾಮೆ ಬರೆಯುತ್ತಿರುವಾಗಲೇ ಅವುಗಳ ಕೇಕೆ ಊರ ತುದಿ ದಾಟಿ, ಭೀಮೆಯ ಕಡೆ ಇಳಿಯುತ್ತ ಸಣ್ಣಗಾಯಿತು.

ಕಲ್ಯಾಣಕುಮಾರ ಬೇಡಿಯ ಕೈಯಿಂದ ಜೀಪಿನ ತಗಡು ಬಡಿಯತೊಡಗಿದ. ಶೈಲಶ್ರೀ ಕಾಗದ ಬಿಸುಟು ಓಡಿದಳು, ಹಿಂದೆ ಖಂಡಪ್ಪ. ದಂಡೆ ಮುಟ್ಟಿದಾಗ ಮುಂದಿದ್ದ ಹುಡುಗಿಯೊಬ್ಬಳು ಮೊಣಕಾಲು ನೀರಿನಲ್ಲಿದ್ದಳು. ಶೈಲಶ್ರೀ ಬೂಟುಗಾಲಲ್ಲೇ ಇಳಿದು ಅವಳ ರಟ್ಟೆ ಹಿಡಿದು ಎಳೆದುಕೊಂಡಳು. ಒಂದು ಹೆಜ್ಜೆ ಮುಂದೆ ನೀರಿನ ಬಣ್ಣ ಕಪ್ಪಾಗಿತ್ತು.

ಮಕ್ಕಳನ್ನು ಗದರಿಸಿ ಕಳಿಸಿ, ಖಂಡಪ್ಪ ದಂಡೆಯ ಮೇಲೆ ಲಾಠಿ ಊರಿ ನಿಂತ.

“ಇವತ್ತು ನಾ ನಿಲ್ತೇನ್ರಿ,” ಎಂದ. “ನಾಳೆ ಯಾರು ನಿಲ್ತಾರ್ರಿ?”

ಶೈಲಶ್ರೀ ಒದ್ದೆ ಬೂಟಿನಲ್ಲಿ ಹಾಗೇ ನಿಂತಿದ್ದಳು. ಊರ ಕಡೆಯಿಂದ ಮೈಕು ಇನ್ನೂ ಹೇಳುತ್ತಲೇ ಇತ್ತು, ಹೆದರಬೇಡಿ, ಹೆದರುವಂಥದ್ದು ಏನೂ ಇಲ್ಲ ಎಂದು.